ಹಸಿರು ನಂಬರ್ ಪ್ಲೇಟಿನ ಹಿಂದಿನ ಮಣ್ಣು

ಮೊನ್ನೆ ಆಫೀಸಿನಲ್ಲಿ ಊಟಕ್ಕೆ ಕೂತಾಗ ನಮ್ಮ ಟೀಮಿನ ಹುಡುಗನೊಬ್ಬ ಮೊಬೈಲಿನಿಂದ ತಲೆ ಎತ್ತಿ, "ಗುರು, ಕೊನೆಗೂ ನಮ್ಮೋರಿಗೆ ಬುದ್ಧಿ ಬಂತು. ರೇರ್ ಅರ್ತ್ ಮೈನಿಂಗ್‌ಗೆ ಇನ್ಮೇಲೆ ಪಬ್ಲಿಕ್ ಹಿಯರಿಂಗ್ ಬೇಕಿಲ್ವಂತೆ. ಚೈನಾ ಮುಂದೆ ಕೈ ಚಾಚೋದು ತಪ್ತು" ಅಂದ. ಟೇಬಲ್ಲಿನಲ್ಲಿ ಐದು ಜನ ಇದ್ದೆವು. ನಾಲ್ವರು ತಲೆ ಆಡಿಸಿದರು. ಐದನೆಯವ ನಾನು. ಬಾಯಲ್ಲಿ ಚಪಾತಿ ಇತ್ತು, ಸುಮ್ಮನಿದ್ದೆ. ಹೇಳಬೇಕಾದ್ದೆಲ್ಲ ತಲೆಗೆ ಬರುವಷ್ಟರಲ್ಲಿ ಎರಡು ಗಂಟೆಯ ಮೀಟಿಂಗ್ ಶುರುವಾಗಿತ್ತು. ಅವತ್ತು ಹೇಳದೆ ಉಳಿದದ್ದನ್ನು ಇಲ್ಲಿ ಹೇಳ್ತೀನಿ. ಸ್ವಲ್ಪ ಸಿಟ್ಟಿನಲ್ಲೇ ಹೇಳ್ತೀನಿ.

ಮೊದಲು ನನ್ನ ತಪ್ಪೊಪ್ಪಿಗೆ. ನನ್ನದೂ ಎಲೆಕ್ಟ್ರಿಕ್ ಸ್ಕೂಟರ್. ಹಸಿರು ನಂಬರ್ ಪ್ಲೇಟು. ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನವನ ಹೊಗೆ ಮೂಗಿಗೆ ಬಡಿದಾಗ ನನಗೂ ಒಳಗೊಳಗೆ ಒಂಚೂರು ಹೆಮ್ಮೆ ಆಗುತ್ತೆ. ಅದರ ಮೋಟರಿನಲ್ಲಿರುವ ಮ್ಯಾಗ್ನೆಟ್ಟಿಗೆ ನಿಯೋಡಿಮಿಯಮ್ ಬೇಕು, ಬಿಸಿಯಾದಾಗಲೂ ಅದು ಬಲ ಕಳೆದುಕೊಳ್ಳದಿರಲು ಡಿಸ್ಪ್ರೋಸಿಯಮ್ಮೋ ಟರ್ಬಿಯಮ್ಮೋ ಬೇಕು. ಕಿವಿಗೆ ಸಿಕ್ಕಿಸಿಕೊಂಡ ಇಯರ್‌ಬಡ್‌ನಲ್ಲೂ, ಗಾಳಿ ಗಿರಣಿಯಲ್ಲೂ, ಕ್ಷಿಪಣಿಯಲ್ಲೂ ಅದೇ ಬಳಗ. ಹಾಗಾಗಿ "ಈ ಲೋಹಗಳೇ ಬೇಡ, ಎತ್ತಿನಗಾಡಿಗೆ ವಾಪಸ್ ಹೋಗೋಣ" ಅನ್ನುವ ಜಾತಿಯವನಲ್ಲ ನಾನು. ಎತ್ತು ಕಟ್ಟಿದ ಮನೆಯಲ್ಲಿ ಹುಟ್ಟಿದವನು, ಅದರ ಕಷ್ಟ ಗೊತ್ತು.

ಹುಡುಗ ಹೇಳಿದ ಸುದ್ದಿ ನಿಜ. 2025ರ ಏಪ್ರಿಲ್ 4ರಂದು ಚೀನಾ ಈ ಬಳಗದ ಏಳು ಲೋಹಗಳ ರಫ್ತಿಗೆ ಬಿಗಿ ಹಾಕಿತು. ನಮ್ಮ ವಾಹನ ಕಂಪನಿಗಳು ಮ್ಯಾಗ್ನೆಟ್ಟಿಲ್ಲದೆ ಒದ್ದಾಡಿದವು. ಸೆಪ್ಟೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ಮೆಮೊರಾಂಡಮ್ ಹೊರಡಿಸಿತು. ರಕ್ಷಣಾ ಸಚಿವಾಲಯ ಮತ್ತು ಅಣುಶಕ್ತಿ ಇಲಾಖೆ ಕೋರಿದ್ದಕ್ಕೆ ಒಪ್ಪಿ, ಅಣು ಖನಿಜಗಳು ಹಾಗೂ 'ಕ್ರಿಟಿಕಲ್' ಪಟ್ಟಿಯ ಖನಿಜಗಳ ಗಣಿಗಾರಿಕೆಗೆ ಸಾರ್ವಜನಿಕ ಅಹವಾಲು ಸಭೆಯಿಂದ ವಿನಾಯಿತಿ ಕೊಟ್ಟಿತು. ಗಣಿ ಸಣ್ಣದಿರಲಿ ದೊಡ್ಡದಿರಲಿ, ಪರಿಶೀಲನೆ ದೆಹಲಿಯಲ್ಲೇ. ನವೆಂಬರಿನಲ್ಲಿ ಮ್ಯಾಗ್ನೆಟ್ ತಯಾರಿಕೆಗೆ ಅಂತ ₹7,280 ಕೋಟಿಯ ಯೋಜನೆಗೂ ಸಂಪುಟ ಒಪ್ಪಿತು. ಆ ಯೋಜನೆ ಬಗ್ಗೆ ನನ್ನ ತಕರಾರಿಲ್ಲ. ಕಾರ್ಖಾನೆ ಬರಲಿ, ನಮ್ಮ ಹುಡುಗರಿಗೆ ಕೆಲಸ ಸಿಗಲಿ. ನನ್ನ ಜಗಳ ಏನಿದ್ದರೂ ಆ ಸೆಪ್ಟೆಂಬರಿನ ಕಾಗದದ ಜೊತೆ. ಅದಕ್ಕಿಂತ ಹೆಚ್ಚಾಗಿ, ಅದನ್ನು ಓದಿ 'ಸೂಪರ್' ಅನ್ನುವ ನಮ್ಮ ಜೊತೆ.

ರೇರ್ ಅರ್ತ್ ಅನ್ನುವ ಹೆಸರೇ ಸುಳ್ಳು. ಹದಿನೇಳು ಲೋಹಗಳ ಕುಟುಂಬ ಇದು. ಅದರಲ್ಲಿ ಸೀರಿಯಮ್ ಭೂಮಿಯ ಹೊರಪದರದಲ್ಲಿ ಹೆಚ್ಚುಕಮ್ಮಿ ತಾಮ್ರದಷ್ಟೇ ಇದೆ. ಪ್ರೊಮೀಥಿಯಮ್ ಅನ್ನುವ ಒಂದನ್ನು ಬಿಟ್ಟರೆ ಈ ಮನೆಯ ಅತಿ ಬಡವನೂ ಚಿನ್ನಕ್ಕಿಂತ ಧಾರಾಳವಾಗಿದ್ದಾನೆ. ಯಾವುದೇ ಊರಿನ ಒಂದು ಕಿಲೋ ಮಣ್ಣು ತಗೊಳ್ಳಿ, ಸಾಮಾನ್ಯವಾಗಿ ನೂರರಿಂದ ಇನ್ನೂರು ಮಿಲಿಗ್ರಾಮಿನಷ್ಟು ಈ ಲೋಹಗಳೆಲ್ಲ ಸೇರಿ ಇರುತ್ತವೆ. ನಮ್ಮ ಅಡಿಕೆ ತೋಟಕ್ಕೆ ಹಾಕುವ ರಾಕ್ ಫಾಸ್ಫೇಟಿನಲ್ಲಿ ಅದಕ್ಕಿಂತ ಜಾಸ್ತಿಯೇ ಇರುತ್ತೆ. (ಅದನ್ನು 'ಪಕ್ಕಾ ಆರ್ಗ್ಯಾನಿಕ್' ಅಂತ ಚೀಲಕ್ಕೆ ಎರಡು ಪಟ್ಟು ದುಡ್ಡು ಕೊಟ್ಟು ಒಯ್ಯುವ ವೀಕೆಂಡ್ ರೈತರು ನಮ್ಮ ಅಪಾರ್ಟ್‌ಮೆಂಟಿನಲ್ಲೇ ಮೂವರಿದ್ದಾರೆ. ನಾನೇನೂ ಹೇಳಿಲ್ಲ.) ಎಲ್ಲ ಕಡೆಯೂ ಚೂರುಚೂರು ಇದೆ, ಒಂದೇ ಕಡೆ ರಾಶಿ ಬಿದ್ದಿರುವುದು ಅಪರೂಪ. ಅದಕ್ಕೇ ಒಂದು ಮುಷ್ಟಿ ಲೋಹಕ್ಕೆ ಒಂದು ಗುಡ್ಡದ ಮಣ್ಣನ್ನೇ ತೊಳೆಯಬೇಕಾಗುತ್ತೆ. ಇಡೀ ತಕರಾರು ಹುಟ್ಟುವುದೇ ಈ ತೊಳೆಯುವ ಕೆಲಸದಲ್ಲಿ.

ನಮ್ಮ ಕಡೆಯವರಿಗೆ ಇದರ ಪರಿಚಯ ಹಳೆಯದು. ಅಪ್ಪಯ್ಯನ ಕಾಲದ ಯಕ್ಷಗಾನ ಬಯಲಾಟಕ್ಕೆ ಗ್ಯಾಸ್‌ಲೈಟು ಹಚ್ಚುತ್ತಿದ್ದರಲ್ಲ, ಅದರ ಬಿಳೀ ಮ್ಯಾಂಟಲ್ಲು ಥೋರಿಯಮ್ ಆಕ್ಸೈಡಿನದು, ಜೊತೆಗೆ ಶೇಕಡಾ ಒಂದರಷ್ಟು ಸೀರಿಯಮ್. ಇಪ್ಪತ್ತನೇ ಶತಮಾನದ ಆರಂಭದಲ್ಲಿ ತಿರುವಾಂಕೂರಿನ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನಲ್ಲಿ ಷಾಂಬರ್ಗ್ ಅನ್ನುವ ಜರ್ಮನ್ ರಸಾಯನಜ್ಞನಿಗೆ ಮೊನಜೈಟ್ ಸಿಕ್ಕಿತು, ಅಲ್ಲಿಂದ ಹಡಗುಗಟ್ಟಲೆ ಮರಳು ಯುರೋಪಿಗೆ ಹೋಯಿತು. ಕೌರವನ ಕಿರೀಟ ಮಿನುಗಿದ್ದು ಅದೇ ಬಗೆಯ ಮರಳಿನ ಬೆಳಕಿನಲ್ಲಿ.

ಈಗ ದಕ್ಷಿಣ ಚೀನಾದ ಗಾಂಜೋಗೆ ಬನ್ನಿ. ಬೆಚ್ಚಗಿನ, ಮಳೆ ಸುರಿಯುವ ಗುಡ್ಡಗಾಡು. ಕಿತ್ತಳೆಗೆ ಹೆಸರಾದ ಸೀಮೆ. ಲಕ್ಷಾಂತರ ವರ್ಷಗಳ ಮಳೆಗೆ ಅಲ್ಲಿನ ಗ್ರಾನೈಟ್ ಕರಗಿ ಜೇಡಿಯಾಗಿದೆ, ಆ ಜೇಡಿಯ ಕಣಗಳಿಗೆ ಡಿಸ್ಪ್ರೋಸಿಯಮ್, ಟರ್ಬಿಯಮ್‌ನಂಥ ಭಾರದ ರೇರ್ ಅರ್ತ್‌ಗಳು ಅಂಟಿ ಕೂತಿವೆ. ಬಿಡಿಸುವುದು ಸುಲಭ. ನಾವು ಗದ್ದೆಗೆ ಹಾಕುವ ಅಮೋನಿಯಂ ಸಲ್ಫೇಟ್ ಇದೆಯಲ್ಲ, ಅದನ್ನೇ ನೀರಿನಲ್ಲಿ ಕದಡಿ ಸುರಿದರೆ ಸಾಕು. ಬಸ್ಸಿನಲ್ಲಿ ಸೀಟು ಹಿಡಿದವನನ್ನು ಎಬ್ಬಿಸಿ ಇನ್ನೊಬ್ಬ ಕೂತ ಹಾಗೆ, ಜೇಡಿಯ ಮೇಲಿನ ಲೋಹ ಎದ್ದು ಬರುತ್ತೆ, ಆ ಜಾಗದಲ್ಲಿ ಅಮೋನಿಯಂ ಕೂರುತ್ತೆ. ಮೊದಮೊದಲು ಗುಡ್ಡದ ಮೇಲ್ಮಣ್ಣನ್ನೇ ಕೆರೆದು ತೊಟ್ಟಿಗೆ ಹಾಕಿ ತೊಳೆಯುತ್ತಿದ್ದರು. ಅದರಿಂದ ಗುಡ್ಡ ಬೋಳಾಯಿತು ಅಂತ ಹೊಸ ವಿಧಾನ ತಂದರು: ಗುಡ್ಡದ ತುಂಬ ತೂತು ಕೊರೆದು ದ್ರಾವಣವನ್ನು ನೇರ ಒಳಗೆ ಬಿಡುವುದು, ಬುಡದಲ್ಲಿ ಹೊಂಡ ತೋಡಿ ಹಿಡಿಯುವುದು. ಮರ ಕಡಿಯಬೇಕಾದ್ದು ಕಡಿಮೆ, ಫೋಟೋದಲ್ಲಿ ಹಸಿರಾಗಿಯೇ ಕಾಣುತ್ತೆ.

ಆದರೆ ಸುರಿದದ್ದೆಲ್ಲ ಹೊಂಡಕ್ಕೇ ಬರಬೇಕು ಅಂತ ಗುಡ್ಡಕ್ಕೆ ಯಾರು ಹೇಳಿದ್ದಾರೆ? ಒಂದಷ್ಟು ಅಂತರ್ಜಲಕ್ಕೆ ಇಳಿಯಿತು. ಬಾವಿ ನೀರಿನಲ್ಲಿ ಅಮೋನಿಯಾ, ಸಲ್ಫೇಟ್. ಮಣ್ಣು ಹುಳಿಯಾಯಿತು. ಮಣ್ಣು ಹುಳಿಯಾದರೆ ಅಲ್ಲಿಯವರೆಗೆ ಸುಮ್ಮನಿದ್ದ ಅಲ್ಯೂಮಿನಿಯಂ, ಸೀಸ ಎಲ್ಲ ಕರಗಿ ಎದ್ದು ಓಡಾಡಲು ಶುರು. ಒದ್ದೆ ತುಂಬಿದ ಗುಡ್ಡ ಮಳೆಗಾಲದಲ್ಲಿ ಜಾರಿತು. 2012ರಲ್ಲಿ ಚೀನಾದ ಅಧಿಕಾರಿಗಳೇ ಕೊಟ್ಟ ಲೆಕ್ಕ: ಗಾಂಜೋ ಸೀಮೆ ಒಂದನ್ನು ಸರಿಮಾಡಲು 3,800 ಕೋಟಿ ಯುವಾನ್ ಬೇಕು. ಆ ದುಡ್ಡು ನಿಮ್ಮ ಫೋನಿನ ಬೆಲೆಯಲ್ಲಿ ಸೇರಿರಲಿಲ್ಲ. ನಮಗೆಲ್ಲ 'ಚೀಪ್' ಅನ್ನಿಸಿದ್ದು ಅದಕ್ಕೇ.

ಆಮೇಲೆ ಚೀನಾ ತನ್ನಲ್ಲಿ ಕಟ್ಟುನಿಟ್ಟು ಮಾಡಿತು. ಕೆಲಸ ನಿಲ್ಲಲಿಲ್ಲ, ಗಡಿ ದಾಟಿತು. ಮಯನ್ಮಾರಿನ ಕಚಿನ್ ರಾಜ್ಯದ ಬೆಟ್ಟಗಳಲ್ಲಿ 2022ರಲ್ಲಿ ಗ್ಲೋಬಲ್ ವಿಟ್ನೆಸ್ ಸಂಸ್ಥೆ ಉಪಗ್ರಹ ಚಿತ್ರ ಇಟ್ಟುಕೊಂಡು ಎಣಿಸಿದಾಗ ಸುಮಾರು 300 ಜಾಗಗಳಲ್ಲಿ 2,700ಕ್ಕೂ ಹೆಚ್ಚು ಹೊಂಡಗಳು ಸಿಕ್ಕವು. ಅಲ್ಲಿ ಕಾನೂನೂ ಇಲ್ಲ, ಸರಿಯಾದ ಸರ್ಕಾರವೂ ಇಲ್ಲ, ಕೋವಿ ಹಿಡಿದವನೇ ಅಧಿಕಾರಿ. ಅಹವಾಲು ಸಭೆಯ ಮಾತು ದೂರ ಉಳಿಯಿತು. ನಮ್ಮ ಹಸಿರು ನಂಬರ್ ಪ್ಲೇಟಿನ ಒಂದು ತುದಿ ಅಲ್ಲಿದೆ.

"ಅದಕ್ಕೇ ಅಲ್ವಾ ನಮ್ಮಲ್ಲೇ ತೆಗೀಬೇಕು ಅನ್ನೋದು" ಅಂತೀರಿ. ಒಳ್ಳೆ ಪ್ರಶ್ನೆ. ಆದರೆ ನಮ್ಮಲ್ಲಿ ಇರುವುದು ಏನು ಅಂತ ನೋಡಿದ್ದೀರಾ? ಮುಖ್ಯವಾಗಿ ಮೊನಜೈಟ್. ಕೇರಳ, ತಮಿಳುನಾಡು, ಆಂಧ್ರ, ಒಡಿಶಾದ ಕರಾವಳಿ ಮರಳಿನಲ್ಲಿ, ಇನ್ನೂ ಕೆಲವು ಕಡೆ. ಸರ್ಕಾರ ಕೊಡುವ ಅಂದಾಜು ಒಟ್ಟು 1.315 ಕೋಟಿ ಟನ್ ಮೊನಜೈಟ್. ಕೇಳೋಕೆ ದೊಡ್ಡ ಸಂಖ್ಯೆ. ಅದರಲ್ಲಿ ಹಗುರ ರೇರ್ ಅರ್ತ್‌ಗಳೇ ತುಂಬಿವೆ, ಲ್ಯಾಂಥನಮ್, ಸೀರಿಯಮ್, ನಿಯೋಡಿಮಿಯಮ್. ಚೀನಾ ಬಿಗಿ ಹಾಕಿದ ಪಟ್ಟಿಯಲ್ಲಿರುವ ಡಿಸ್ಪ್ರೋಸಿಯಮ್, ಟರ್ಬಿಯಮ್ ತೀರಾ ಕಮ್ಮಿ. ಜೊತೆಗೆ ಶೇಕಡಾ 8–10ರಷ್ಟು ಥೋರಿಯಮ್ ಉಚಿತ. ಅದು ವಿಕಿರಣ ಸೂಸುವ ವಸ್ತು, ಬೇರ್ಪಡಿಸಿ ಜೋಪಾನವಾಗಿ ಇಡಬೇಕು. ಅಂದರೆ ಊರಿನವರ ಬಾಯಿ ಮುಚ್ಚಿಸಿ ಕರಾವಳಿ ಅಗೆದರೂ, ನಮ್ಮ ಹುಡುಗ ಹೇಳಿದ 'ಕೈ ಚಾಚೋದು' ಅಷ್ಟು ಸುಲಭಕ್ಕೆ ತಪ್ಪಲ್ಲ.

ಇನ್ನೊಂದು ವಿಷಯ. ಟೇಬಲ್ಲಿನಲ್ಲಿದ್ದ ಇನ್ನೊಬ್ಬ, "ಮಂಡ್ಯದಲ್ಲೂ ರೇರ್ ಅರ್ತ್ ಸಿಕ್ಕಿದೆಯಂತೆ" ಅಂದ. ಅಲ್ಲ ಮಾರಾಯ, ಅಲ್ಲಾಪಟ್ಟಣ–ಮರಳಗಾಲದಲ್ಲಿ ಸಿಕ್ಕಿರುವುದು ಲಿಥಿಯಂ, ಬೇರೆಯೇ ಲೋಹ. ಅದೂ 14,100 ಟನ್ ಅಂತ ಮೊದಲು ಕುಣಿದಾಡಿ, ಆಮೇಲೆ 1,600 ಟನ್ ಅಂತ ಇಳಿಸಿದ್ದು. ಆದರೆ ಲಿಥಿಯಂ ಕೂಡ ಆ ಕ್ರಿಟಿಕಲ್ ಪಟ್ಟಿಯಲ್ಲೇ ಇದೆ. ಹಾಗಾಗಿ ನಾಳೆ ಅಲ್ಲಿ ಗಣಿ ತೆಗೆದರೂ ಮರಳಗಾಲದವರನ್ನು ಸಭೆ ಕರೆದು ಕೇಳಬೇಕಾಗಿಲ್ಲ. ಕರ್ನಾಟಕಕ್ಕೂ ಈ ಕಾಗದಕ್ಕೂ ಏನು ಸಂಬಂಧ ಅನ್ನುವವರಿಗೆ ಇಷ್ಟು ಸಾಕು.

ಈಗ ಜೀವಿಗಳ ವಿಷಯ. ಇಲ್ಲಿ ನಾನು ನನ್ನ ಪಕ್ಷದವರ ಜೊತೆಗೂ ಜಗಳ ಆಡಬೇಕು. 'ರೇರ್ ಅರ್ತ್ ಅಂದ್ರೆ ವಿಷ, ಮುಟ್ಟಿದರೆ ಕ್ಯಾನ್ಸರ್' ಅಂತ ವಾಟ್ಸಾಪಿನಲ್ಲಿ ಕಳಿಸುವ ಪರಿಸರವಾದಿ ಅಣ್ಣಂದಿರೇ, ದಯವಿಟ್ಟು ನಿಲ್ಲಿಸಿ. ನೀವು ಬರೆಯುವ ಒಂದು ಸುಳ್ಳು ಗಣಿಯವನಿಗೆ ನೂರು ವಕೀಲರ ಸಮ.

ಲ್ಯಾಂಥನಮ್ ಅಯಾನು ಗಾತ್ರದಲ್ಲಿ ಕ್ಯಾಲ್ಸಿಯಮ್ಮಿಗೆ ಹತ್ತಿರ, ಆದರೆ ಚಾರ್ಜ್ ಒಂದು ಜಾಸ್ತಿ. ಜೀವಕೋಶದ ಬಾಗಿಲಲ್ಲಿ ಕ್ಯಾಲ್ಸಿಯಮ್ ಅಂತ ನಂಬಿಸಿ ನಿಲ್ಲುತ್ತೆ, ನಿಂತರೆ ಸುಲಭಕ್ಕೆ ಕದಲಲ್ಲ. ಪ್ರಯೋಗಾಲಯಗಳಲ್ಲಿ ಕ್ಯಾಲ್ಸಿಯಂ ಹಾದಿಯನ್ನು ಬಂದ್ ಮಾಡಿ ನೋಡಬೇಕಾದಾಗ ಲ್ಯಾಂಥನಮ್ ಹಾಕುವುದು ಹಳೇ ಪದ್ಧತಿ. ಗಿಡ, ಹುಳ, ಮನುಷ್ಯ ಎಲ್ಲರ ಒಳಗೂ ಕ್ಯಾಲ್ಸಿಯಮ್ಮೇ ಸಂದೇಶ ಸಾಗಿಸುವುದು. ಆದ್ದರಿಂದ ಪ್ರಮಾಣ ಜಾಸ್ತಿಯಾದರೆ ಬೇರು ಕುಗ್ಗುತ್ತೆ, ಬೆಳವಣಿಗೆ ನಿಲ್ಲುತ್ತೆ. ಕಮ್ಮಿ ಇದ್ದರೆ? ಕೆಲವು ಬೆಳೆ ಚೆನ್ನಾಗಿಯೇ ಬರುತ್ತೆ. ಚೀನಾದಲ್ಲಿ ದಶಕಗಳಿಂದ ರೇರ್ ಅರ್ತ್ ಬೆರೆಸಿದ ಗೊಬ್ಬರ ಮಾರುತ್ತಿದ್ದಾರೆ. ಅದೇ ಲ್ಯಾಂಥನಮ್ಮಿನ ಕಾರ್ಬೊನೇಟನ್ನು ಕಿಡ್ನಿ ರೋಗಿಗಳಿಗೆ ರಕ್ತದ ರಂಜಕ ಇಳಿಸಲು ಮಾತ್ರೆಯಾಗಿ ಕೊಡುತ್ತಾರೆ.

ಇನ್ನೂ ಸೋಜಿಗದ್ದು ಇದೆ. ಇಟಲಿಯ ನೇಪಲ್ಸ್ ಹತ್ತಿರದ ಸೊಲ್ಫತಾರಾ ಜ್ವಾಲಾಮುಖಿಯ ಕುದಿಯುವ ಕೆಸರಿನಲ್ಲಿ ಒಂದು ಬ್ಯಾಕ್ಟೀರಿಯಾ ಇದೆ. ಲ್ಯಾಬಿಗೆ ತಂದರೆ ಬೆಳೆಯುವುದೇ ಇಲ್ಲ ಅಂತಿತ್ತು. ಅದೇ ಕೆಸರಿನ ನೀರು ಒಂದಿಷ್ಟು ಹಾಕಿದರೆ ಮಾತ್ರ ಬೆಳೆಯುತ್ತಿತ್ತು. ಹುಡುಕಿದರೆ ಆ ನೀರಿನಲ್ಲಿದ್ದ ರೇರ್ ಅರ್ತ್ ಇಲ್ಲದೆ ಅದಕ್ಕೆ ಬದುಕೇ ಇಲ್ಲ. 2014ರಲ್ಲಿ ಪ್ರಕಟವಾದ ಆ ಕೆಲಸ ಬರುವವರೆಗೂ ಈ ಲೋಹಗಳಿಗೂ ಜೀವಕ್ಕೂ ಸಂಬಂಧವೇ ಇಲ್ಲ ಅಂತ ಪಠ್ಯಪುಸ್ತಕಗಳು ಹೇಳುತ್ತಿದ್ದವು. ಗಿಡಗಳ ಎಲೆಯ ಮೇಲೆ ವಾಸ ಮಾಡುವ ಮಿಥೈಲೋಬ್ಯಾಕ್ಟೀರಿಯಮ್‌ಗಳೂ ಇವನ್ನು ಬಳಸುತ್ತವೆ ಅಂತ ಈಗ ಗೊತ್ತು. ಇನ್ನು ಗಾಂಜೋದ ಗಣಿ ಮಣ್ಣಿನಲ್ಲಿ ಬೆಳೆಯುವ ಡೈಕ್ರನಾಪ್ಟೆರಿಸ್ ಅನ್ನುವ ಜರಿಗಿಡ ಎಲೆಯಲ್ಲಿ ಈ ಲೋಹಗಳನ್ನು ಗುಡ್ಡೆ ಹಾಕಿಕೊಳ್ಳುತ್ತೆ, ಕಿಲೋಗೆ ಗ್ರಾಮುಗಟ್ಟಲೆ. ಹೆಸರು ಹೊಸದು ಅನ್ನಿಸಬಹುದು, ಗಿಡ ನೋಡದವರಿಲ್ಲ. ಆಗುಂಬೆ ಹಾದಿಯಲ್ಲಿ ರಸ್ತೆಗೆ ಕಡಿದ ಕೆಂಪು ಧರೆಯ ಮೇಲೆ ಕವಲು ಕವಲಾಗಿ ಹಬ್ಬಿರುತ್ತಲ್ಲ, ಅದೇ ಕುಲದ್ದು. ನಾವು ಮಕ್ಕಳಿದ್ದಾಗ ಅದರ ಕಡ್ಡಿ ಮುರಿದು ಆಟ ಆಡಿದ್ದೇವೆ. ಬೇರೆ ಗಿಡ ಬಾರದ ಹುಳಿ ಮಣ್ಣಿನಲ್ಲಿ ಅದು ಬರುತ್ತೆ.

ಅಂದರೆ ವಿಷವೋ ಅಮೃತವೋ ಅನ್ನುವುದು ಎಷ್ಟು ಇದೆ, ಯಾವ ರೂಪದಲ್ಲಿ ಇದೆ, ಮಣ್ಣು ಎಷ್ಟು ಹುಳಿ ಇದೆ, ಪಕ್ಕದಲ್ಲಿ ಯಾವ ಮೂಲವಸ್ತು ಕಮ್ಮಿ ಇದೆ ಅನ್ನುವುದರ ಮೇಲೆ ನಿಂತಿದೆ. ಇದನ್ನು ಅಳೆಯದೆ ಗೊತ್ತು ಮಾಡೋಕೆ ಆಗಲ್ಲ.

ಕೇರಳದ ಕಥೆ ಕೇಳಿ. ಅಲ್ಲಿನ ಬಡ ಮಕ್ಕಳಲ್ಲಿ ಎಂಡೊಮಯೊಕಾರ್ಡಿಯಲ್ ಫೈಬ್ರೋಸಿಸ್ ಅಂತ ಒಂದು ಹೃದಯದ ಕಾಯಿಲೆ ಇತ್ತು. ಹೃದಯದ ಒಳಗೋಡೆ ದಪ್ಪವಾಗಿ ಬಿಗಿದುಕೊಳ್ಳುವುದು. ತಿರುವನಂತಪುರದ ಶ್ರೀ ಚಿತ್ರ ಸಂಸ್ಥೆಯನ್ನು ಕಟ್ಟಿದ ಡಾ. ಎಂ. ಎಸ್. ವಲಿಯತ್ತಾನ್, ಆಮೇಲೆ ನಮ್ಮ ಮಣಿಪಾಲಕ್ಕೆ ಕುಲಪತಿಯಾಗಿ ಬಂದು 2024ರಲ್ಲಿ ಅಲ್ಲೇ ತೀರಿಕೊಂಡವರು, ಇದರ ಬೆನ್ನು ಹತ್ತಿದರು. ರೋಗಿಗಳ ಹೃದಯದ ಅಂಗಾಂಶದಲ್ಲಿ ಸೀರಿಯಮ್ ಜಾಸ್ತಿ, ಮೆಗ್ನೀಸಿಯಮ್ ಕಮ್ಮಿ ಕಂಡಿತು. ಮೊನಜೈಟ್ ಇರುವ ಮಣ್ಣು, ಆ ಮಣ್ಣಿನಲ್ಲಿ ಬೆಳೆದ ಗೆಡ್ಡೆ, ಅದನ್ನೇ ಹೊಟ್ಟೆ ತುಂಬ ತಿನ್ನುವ ಬಡತನ, ಮೆಗ್ನೀಸಿಯಮ್ ಕೊರತೆ, ಇವೆಲ್ಲ ಸೇರಿ ಹೀಗಾಗುತ್ತಿರಬಹುದು ಅನ್ನುವುದು ಅವರ ಊಹೆ. ಎಂಬತ್ತರ ದಶಕದ ಕೊನೆಯಲ್ಲಿ ಪ್ರಕಟಿಸಿದರು. ಅದು ಊಹೆಯಾಗಿಯೇ ಉಳಿಯಿತು. ಜನ ಸ್ವಲ್ಪ ಉಂಡು ಉಟ್ಟು ಸುಧಾರಿಸಿದ ಹಾಗೆ ಕಾಯಿಲೆಯೇ ಅಲ್ಲಿ ಅಪರೂಪವಾಯಿತು. ಒಬ್ಬ ಶಸ್ತ್ರವೈದ್ಯ ಮಣ್ಣಿನ ಕಡೆ ತಿರುಗಿ ನೋಡಿದ್ದು ನನಗೆ ಇವತ್ತಿಗೂ ದೊಡ್ಡ ಸಂಗತಿ. ಅದೇ ಕೇರಳದ ಕರುನಾಗಪ್ಪಳ್ಳಿಯಲ್ಲಿ, ಮರಳೇ ವಿಕಿರಣ ಸೂಸುವ ಊರಿನಲ್ಲಿ, ಸುಮಾರು 70,000 ಜನರನ್ನು ಹತ್ತು ವರ್ಷಕ್ಕೂ ಮಿಕ್ಕಿ ಹಿಂಬಾಲಿಸಿ 2009ರಲ್ಲಿ ಫಲಿತಾಂಶ ಹೇಳಿದರು: ಕ್ಯಾನ್ಸರ್ ಜಾಸ್ತಿ ಕಂಡಿಲ್ಲ. ನನ್ನ ವಾದಕ್ಕೆ ಅನುಕೂಲ ಇಲ್ಲ ಅಂತ ಇದನ್ನು ಮುಚ್ಚಿಡಲಾರೆ. ಮರಳು ಸುಮ್ಮನೆ ಬಿದ್ದಿರುವಾಗಿನ ಲೆಕ್ಕ ಅದು. ಆಸಿಡ್ಡಿನಲ್ಲಿ ಬೇಯಿಸಿ, ಒಡೆದು, ಉಳಿದದ್ದನ್ನು ಎಲ್ಲೋ ಸುರಿದಾಗಿನ ಲೆಕ್ಕ ಬೇರೆ.

ಆ ಬೇರೆ ಲೆಕ್ಕ ನೋಡಬೇಕಾದರೆ ಮಲೇಷಿಯಾದ ಇಪೊ ಪಕ್ಕದ ಬುಕಿಟ್ ಮೆರಾ ಹಳ್ಳಿಗೆ ಹೋಗಬೇಕು. ತವರ ತೆಗೆದ ಮೇಲೆ ಉಳಿದ ಕಸದಲ್ಲಿ ಮೊನಜೈಟ್ ಇತ್ತು. ಅದನ್ನು ಸಂಸ್ಕರಿಸಲು ಜಪಾನಿನ ಮಿತ್ಸುಬಿಷಿ ಪಾಲುದಾರಿಕೆಯ ಏಷ್ಯನ್ ರೇರ್ ಅರ್ತ್ ಕಾರ್ಖಾನೆ ಎಂಬತ್ತರ ದಶಕದ ಆರಂಭದಲ್ಲಿ ಶುರುವಾಯಿತು. ಥೋರಿಯಮ್ ಕಸ ಊರ ಸುತ್ತ ಬಿತ್ತು. ಹನ್ನೊಂದು ಸಾವಿರ ಜನರ ಆ ಸಮುದಾಯದಲ್ಲಿ ಐದು ವರ್ಷದಲ್ಲಿ ಎಂಟು ರಕ್ತದ ಕ್ಯಾನ್ಸರ್ ಪ್ರಕರಣ ವರದಿಯಾದವು. ಊರಿನವರು 1985ರಲ್ಲಿ ಕೋರ್ಟಿಗೆ ಹೋದರು. 1992ರಲ್ಲಿ ಇಪೊ ಹೈಕೋರ್ಟ್ ಮುಚ್ಚಿ ಅಂದಿತು. ಮರುವರ್ಷ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಕಾನೂನಿನಲ್ಲಿ ಕಂಪನಿ ಗೆದ್ದಿತ್ತು, ಆದರೂ ಜನರ ವಿರೋಧಕ್ಕೆ 1994ರಲ್ಲಿ ಬಾಗಿಲು ಹಾಕಿತು. ಆಮೇಲೆ ಸ್ವಚ್ಛ ಮಾಡಲು ಸುಮಾರು 10 ಕೋಟಿ ಡಾಲರ್ ಹಿಡಿಯಿತು.

ಆ ಕಾಯಿಲೆಗೂ ಕಾರ್ಖಾನೆಗೂ ಸಂಬಂಧ ಇಲ್ಲ ಅಂತ ಕಂಪನಿ ಕೊನೆಯವರೆಗೂ ಹೇಳಿತು. ಇಲ್ಲೇ ನನಗೆ ಅಸಲೀ ಭಯ ಇರುವುದು. ಈ ಲೋಹಗಳು ಎಲ್ಲ ಮಣ್ಣಿನಲ್ಲೂ ಹುಟ್ಟಿನಿಂದಲೇ ಇವೆ. ಕ್ರೋಮಿಯಂ ಕೊಳಚೆ ಸುರಿದವನನ್ನು ಹಿಡಿಯುವಷ್ಟು ಸುಲಭಕ್ಕೆ ಇವನನ್ನು ಹಿಡಿಯೋಕಾಗಲ್ಲ. ಬಾವಿ ನೀರು ತೋರಿಸಿದರೆ "ನಿಮ್ಮ ಮಣ್ಣಿನಲ್ಲಿ ಮೊದಲೇ ಇತ್ತು ಸ್ವಾಮಿ" ಅಂದರೆ ಆಯಿತು. ಮೊದಲು ಎಷ್ಟಿತ್ತು ಅಂತ ಬರೆದಿಟ್ಟ ಕಾಗದ ನಿಮ್ಮ ಹತ್ತಿರ ಇಲ್ಲದಿದ್ದರೆ ಆ ಮಾತಿಗೆ ಉತ್ತರವೇ ಇಲ್ಲ.

ಅಳೆದವರಿಗೆ ಸಿಕ್ಕಿದೆ, ನೋಡಿ. 1996ರಲ್ಲಿ ಜರ್ಮನಿಯ ನದಿಗಳಲ್ಲಿ ರೇರ್ ಅರ್ತ್‌ಗಳ ಸಾಲನ್ನು ಅಳೆದಾಗ ಗ್ಯಾಡೊಲಿನಿಯಮ್ ಒಂದೇ ಎದ್ದು ಕಂಡಿತು. ಗ್ರಾಫಿನಲ್ಲಿ ಒಂದು ಮುಳ್ಳಿನ ಹಾಗೆ. ಪ್ರಕೃತಿಯಲ್ಲಿ ಹಾಗೆ ಒಂದೇ ಏರುವುದಿಲ್ಲ. ಎಲ್ಲಿಂದ ಅಂದರೆ ಆಸ್ಪತ್ರೆಯಿಂದ! ಎಂಆರ್‌ಐ ಮಾಡುವ ಮುಂಚೆ ನರಕ್ಕೆ ಚುಚ್ಚುವ ಔಷಧ, ರೋಗಿಯ ಮೂತ್ರದಲ್ಲಿ ಹೊರಬಂದು, ಕೊಳಚೆ ಶುದ್ಧೀಕರಣ ಘಟಕದಲ್ಲೂ ನಿಲ್ಲದೆ ನದಿ ಸೇರಿತ್ತು. ಅಳೆದರೆ ಕಳ್ಳನ ಬೆರಳಚ್ಚು ಸಿಗುತ್ತೆ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ, ಅಲ್ಲೂ ಈ ಅಳತೆ ನಡೆಯಲಿ ಅಂತ ಕೇಳುವುದು ತಪ್ಪಾ? ಅಪ್ಪಯ್ಯನ ಹೆಸರಿಗೆ ಬಂದ ಸಾಯಿಲ್ ಹೆಲ್ತ್ ಕಾರ್ಡಿನಲ್ಲಿ ಹನ್ನೆರಡು ಅಂಶ ಇವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಬೋರಾನ್, ಹೀಗೆ. ಈ ಹದಿನೇಳರಲ್ಲಿ ಒಂದೂ ಇಲ್ಲ. ಎಲ್ಲ ರೈತರಿಗೂ ಬೇಕಿಲ್ಲ, ಒಪ್ಪುತ್ತೇನೆ. ಗಣಿ ಬರುವ ಊರಿಗಾದರೂ ಬೇಕಲ್ಲ.

ಹಾಗಾದರೆ ಮೊದಲು ಎಷ್ಟಿತ್ತು, ಎಲ್ಲೆಲ್ಲಿ ನೀರು ಹರಿಯುತ್ತೆ, ಯಾವ ಬಾವಿ ಯಾರದು ಅಂತ ಕೇಳುವ ಜಾಗ ಯಾವುದು? ಅದೇ ಆ ಅಹವಾಲು ಸಭೆ. ನಾನು ಅಂಥದೊಂದು ಸಭೆ ನೋಡಿದ್ದೇನೆ.

ಬಿಇ ಮೂರನೇ ವರ್ಷದಲ್ಲಿದ್ದೆ. ನಮ್ಮೂರ ಮೇಲಿನ ಗುಡ್ಡದಲ್ಲಿ ಒಂದು ದೊಡ್ಡ ಕಲ್ಲು ಕ್ವಾರಿ ಬರುವುದಿತ್ತು. ಹೈಸ್ಕೂಲ್ ಮೈದಾನದಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಮುಂದೆ ಅಧಿಕಾರಿಗಳು. ಕಂಪನಿಯ ಕಡೆಯವರು ಪರದೆ ಮೇಲೆ ಬಣ್ಣ ಬಣ್ಣದ ನಕ್ಷೆ ತೋರಿಸಿದರು. ಅರ್ಧ ಜನ ಬೋಂಡಾ, ಕಾಫಿಗೆ ಬಂದವರು, ಒಂದಿಷ್ಟು ಜನ ಜೀಪಿನಲ್ಲಿ ಕರೆತಂದವರು. ಅದನ್ನು ಪ್ರಜಾಪ್ರಭುತ್ವದ ಹಬ್ಬ ಅಂತ ನಾನು ಬಣ್ಣಿಸಲಾರೆ. ಮಾತಾಡುವವರ ಪಟ್ಟಿಯಲ್ಲಿ ಅಪ್ಪಯ್ಯನ ಹೆಸರು ಬಂತು. ಅವರು ಮೈಕು ಹಿಡಿದು ಮಾತಾಡಿದ್ದು ಅದೊಂದೇ ಸಲ.

"ಈ ನಕ್ಷೆ ಯಾವ ತಿಂಗಳಲ್ಲಿ ಮಾಡಿದ್ದು ಸ್ವಾಮಿ?" ಅಂದರು.

ಏಪ್ರಿಲ್ ಅಂತ ಉತ್ತರ ಬಂತು.

"ಅದಕ್ಕೇ ನಿಮಗೆ ಹಳ್ಳ ಕಾಣಲಿಲ್ಲ. ಜೂನ್‌ನಿಂದ ದೀಪಾವಳಿವರೆಗೆ ಅಲ್ಲಿ ಹಳ್ಳ ಹರೀತದೆ. ನೀವು ಮಣ್ಣು ಸುರೀತೀವಿ ಅಂತ ಕೆಂಪು ಬಣ್ಣ ಹಚ್ಚಿದ್ದೀರಲ್ಲ, ಅದು ಹಳ್ಳದ ನೆತ್ತಿ. ಕೆಳಗೆ ಹನ್ನೊಂದು ಮನೆಯವರ ಗದ್ದೆ ಉಂಟು, ನಾಲ್ಕು ಬಾವಿ ಉಂಟು."

ಅಷ್ಟೇ. ಮೂರು ನಿಮಿಷವೂ ಆಗಿರಲಿಲ್ಲ. ಅಧಿಕಾರಿ ಬರೆದುಕೊಂಡರು. ಕ್ವಾರಿಗೆ ಅನುಮತಿ ಸಿಕ್ಕಿತು, ಆದರೆ ಮಣ್ಣು ಸುರಿಯುವ ಜಾಗ ಬದಲಾಯಿಸಬೇಕು ಅನ್ನುವ ಷರತ್ತು ಬಿತ್ತು. ಕ್ವಾರಿ ನಡೆಯುತ್ತಿದೆ. ಧೂಳು ಈಗಲೂ ಬರುತ್ತೆ, ಅಮ್ಮ ಬಟ್ಟೆ ಒಣಗಿಸುವಾಗ ಈಗಲೂ ಬೈಯುತ್ತಾರೆ. ಹಳ್ಳ ಮಾತ್ರ ಹರಿಯುತ್ತಿದೆ, ನಾಲ್ಕೂ ಬಾವಿಯಲ್ಲಿ ನೀರಿದೆ. ಪಿಎಚ್‌ಡಿ ಮಾಡಿದವರು ಸಹಿ ಹಾಕಿದ ವರದಿಯಲ್ಲಿ ಇಲ್ಲದ ಒಂದು ಹಳ್ಳ, ಏಳನೇ ಕ್ಲಾಸ್ ಓದಿದವರ ಬಾಯಿಂದ ದಾಖಲೆಗೆ ಬಂತು. ಆ ಸಭೆ ಇರದೆ ಕಡತ ನೇರ ದೆಹಲಿಗೆ ಹೋಗಿದ್ದರೆ, ಅಲ್ಲಿನ ಯಾವ ತಜ್ಞರಿಗೆ ನಮ್ಮೂರ ಹಳ್ಳದ ಕನಸು ಬೀಳುತ್ತಿತ್ತು?

ನಮ್ಮ ಭಾಷೆಯಲ್ಲಿ ಹೇಳ್ತೀನಿ. ಯೂಸರ್ ಟೆಸ್ಟಿಂಗ್ ಮಾಡದೆ ಶುಕ್ರವಾರ ಸಂಜೆ ನೇರ ಪ್ರೊಡಕ್ಷನ್ನಿಗೆ ಕೋಡ್ ಹಾಕಿದವನನ್ನು ನೀವು ಏನಂತ ಕರೀತೀರಿ? ಅದೂ ನಮಗೆ ರೋಲ್‌ಬ್ಯಾಕ್ ಇರುತ್ತೆ. ಒಂದು ಸಲ ಅಮೋನಿಯಂ ಸಲ್ಫೇಟ್ ಕುಡಿದ ಗುಡ್ಡಕ್ಕೆ ರೋಲ್‌ಬ್ಯಾಕ್ ಬಟನ್ ಎಲ್ಲಿದೆ? ಹಿಯರಿಂಗ್ ನಾಟಕ ಆಗಿದೆ ಅಂತೀರಾ, ಸರಿ. ಟೆಸ್ಟಿಂಗ್ ಕೂಡ ಎಷ್ಟೋ ಕಂಪನಿಯಲ್ಲಿ ನಾಟಕವೇ. ಅದಕ್ಕೆ ಸುಧಾರಿಸುತ್ತೇವೆ, ಕಿತ್ತು ಬಿಸಾಡಿ ಪಾರ್ಟಿ ಮಾಡಲ್ಲ.

ಇನ್ನು ದೇಶದ ಭದ್ರತೆ. ಈ ಮಾತು ಬಂದ ಕೂಡಲೇ ಎಲ್ಲರೂ ಸುಮ್ಮನಾಗಬೇಕು ಅನ್ನುವುದು ಒಂದು ಅಭ್ಯಾಸ ಆಗಿದೆ. ಕ್ಷಿಪಣಿಗೆ ಎಷ್ಟು ಮ್ಯಾಗ್ನೆಟ್ ಬೇಕು ಅನ್ನುವುದು ಗುಟ್ಟಾಗಿರಲಿ, ಯಾರೂ ಕೇಳಲ್ಲ. ಬಾವಿಯಲ್ಲಿ ಅಮೋನಿಯಾ ಎಷ್ಟಿದೆ ಅನ್ನುವುದು ಯಾವ ಶತ್ರುವಿನಿಂದ ಮುಚ್ಚಿಡಬೇಕಾದ ಗುಟ್ಟು? ಕನ್ಯಾಕುಮಾರಿ ಜಿಲ್ಲೆಯ ಕಿಳ್ಳಿಯೂರು ಕಡೆ 1,144 ಹೆಕ್ಟೇರ್‌ನಲ್ಲಿ ಮೊನಜೈಟ್ ಮರಳು ತೆಗೆಯುವ ಪ್ರಸ್ತಾವವನ್ನು ಮೀನುಗಾರರ ಊರುಗಳು ವಿರೋಧಿಸಿದವು. ಆ ಊರುಗಳ ಹೆಂಗಸರು, ಮೀನು ಮಾರುವವರು ದೇಶದ ಶತ್ರುಗಳೇ? ತಿಂಗಳು ಮೊದಲು ನೋಟಿಸ್ ಕೊಟ್ಟು ಒಂದು ದಿನ ಶಾಮಿಯಾನ ಹಾಕಿ ಕೂರುವುದರಿಂದ ದೇಶ ಹಿಂದೆ ಬೀಳುತ್ತೆ ಅಂದರೆ, ದೇಶ ನಿಂತಿರುವುದು ಯಾವುದರ ಮೇಲೆ ಅಂತ ನನಗೆ ಅರ್ಥ ಆಗಿಲ್ಲ. ಬುಕಿಟ್ ಮೆರಾದವರಿಗೆ ತಡ ಆಗಿದ್ದು ಹತ್ತು ವರ್ಷ. ಅವರನ್ನು ಮೊದಲು ಕೇಳಿದ್ದರೆ ಕಂಪನಿಗೂ ದುಡ್ಡು ಉಳಿಯುತ್ತಿತ್ತು.

ಅಗೆಯುವ ಮಾತಿಗೆ ಮುಂಚೆ ನಮ್ಮ ಟೇಬಲ್ಲಿನ ಡ್ರಾಯರ್ ತೆಗೆದು ನೋಡೋಣ. ಪ್ರತಿ ಹಾರ್ಡ್ ಡಿಸ್ಕಿನೊಳಗೆ ನಿಯೋಡಿಮಿಯಮ್ ಮ್ಯಾಗ್ನೆಟ್ ಇದೆ. ಡೇಟಾ ಸೆಂಟರಿನಲ್ಲಿ ಆಯಸ್ಸು ಮುಗಿದ ಡಿಸ್ಕುಗಳನ್ನು ಡೇಟಾ ಸೋರಬಾರದು ಅಂತ ಯಂತ್ರಕ್ಕೆ ಹಾಕಿ ಚೂರು ಮಾಡುತ್ತಾರೆ. ಆಗ ಮ್ಯಾಗ್ನೆಟ್ಟಿನ ಪುಡಿ ಕಬ್ಬಿಣದ ಚೂರಿಗೆ ಕಚ್ಚಿಕೊಂಡು ಗುಜರಿಗೆ ಹೋಗುತ್ತೆ, ಅಲ್ಲಿಗೆ ಮುಗೀತು. ಚೂರು ಮಾಡುವ ಮೊದಲು ಆ ಭಾಗ ಕತ್ತರಿಸಿ ತೆಗೆಯುವುದು ರಾಕೆಟ್ ವಿಜ್ಞಾನ ಅಲ್ಲ. ಜಗತ್ತಿನಲ್ಲಿ ಬಳಸಿ ಬಿಟ್ಟ ರೇರ್ ಅರ್ತ್‌ನಲ್ಲಿ ಮರುಬಳಕೆಗೆ ಬರುವುದು ಶೇಕಡಾ ಒಂದರ ಆಸುಪಾಸು ಅಂತ ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ. ಅಗೆಯದೆ ಸಿಗುವ ಗಣಿ ಔಟರ್ ರಿಂಗ್ ರೋಡಿನ ಎರಡೂ ಬದಿ ಇದೆ, ಅದಕ್ಕೆ ಯಾರ ಅಹವಾಲೂ ಬೇಕಿಲ್ಲ. ನಮ್ಮ ಕಂಪನಿಯ ಇ-ವೇಸ್ಟ್ ಎಲ್ಲಿ ಹೋಗುತ್ತೆ ಅಂತ ಕೇಳಿ ಅಡ್ಮಿನ್‌ಗೆ ಮೇಲ್ ಹಾಕಿದೆ. 'ಸರ್ಟಿಫೈಡ್ ವೆಂಡರ್' ಅಂತ ಉತ್ತರ ಬಂತು. ವೆಂಡರ್ ಏನು ಮಾಡುತ್ತಾನೆ ಅಂತ ಇನ್ನೊಂದು ಮೇಲ್ ಹಾಕಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ನಾನು ಕೇಳುವುದು ಇಷ್ಟು. ಗುದ್ದಲಿ ಬೀಳುವ ಮೊದಲು ಆ ಊರಿನ ಮಣ್ಣು, ಬಾವಿ ನೀರು, ಹಿತ್ತಲ ಗೆಡ್ಡೆ, ಹೊಳೆಯ ಮೀನು, ಇವುಗಳಲ್ಲಿ ಈ ಹದಿನೇಳು ಲೋಹ ಮತ್ತು ಥೋರಿಯಮ್ ಎಷ್ಟಿದೆ ಅಂತ ಅಳೆಯಿರಿ. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ. ಕನ್ನಡದ ಊರಾದರೆ ಕನ್ನಡದಲ್ಲಿ ಬರೆದು ಪಂಚಾಯಿತಿ ಗೋಡೆಗೆ ಅಂಟಿಸಿ. ಆಮೇಲೆ ಅವರನ್ನು ಕೂರಿಸಿ ಕೇಳಿ. ಆ ಮೆಮೊರಾಂಡಮ್ ವಾಪಸ್ ತಗೊಳ್ಳಿ.

ಮರುದಿನ ಊಟಕ್ಕೆ ಕೂತಾಗ ಇದನ್ನೆಲ್ಲ ಗಡಿಬಿಡಿಯಲ್ಲಿ ಆ ಹುಡುಗನಿಗೆ ಹೇಳಿದೆ. ಪೂರ್ತಿ ಒಪ್ಪಲಿಲ್ಲ. "ಎಲ್ಲರನ್ನೂ ಕೇಳ್ತಾ ಕೂತ್ರೆ ಏನೂ ಆಗಲ್ಲ ಗುರು" ಅಂದ. ಸ್ವಲ್ಪ ಹೊತ್ತು ಬಿಟ್ಟು, "ನಮ್ಮಜ್ಜಿ ಊರು ಪಾಂಡವಪುರದ ಹತ್ರ. ಮರಳಗಾಲ ಅಂದ್ರೆ ಎಷ್ಟು ದೂರ ಆಗುತ್ತೆ?" ಅಂತ ಕೇಳಿದ. ಮ್ಯಾಪ್ ತೆಗೆದು ಇಬ್ಬರೂ ನೋಡಿದೆವು.